ಬೀಳಗಿಯ ದನಿ, ಕಪ್ಪು ತಟ್ಟೆಯ ಮೇಲೆ

ಗ್ರಾಮಫೋನ್ ತಟ್ಟೆಗಳನ್ನು ಕೇಳಬೇಕೆಂಬ ಆಸೆ ನಿಮಗೆ ಹೊಸದಾಗಿ ಹುಟ್ಟಿದ್ದರೆ, ಬಾಗಲಕೋಟೆ ಜಿಲ್ಲೆಯವರೇ ಆದ ಅಮೀರ್‌ಬಾಯಿ ಕರ್ನಾಟಕಿ ಅವರಿಂದ ತೊಡಗಿ. ಬೀಳಗಿಯಲ್ಲಿ ಹುಟ್ಟಿ ಮುಂಬಯಿಗೆ ಹೋದ ಅವರು 1940ರ ದಶಕದ ಹಿಂದಿ ಚಿತ್ರರಂಗದ ದೊಡ್ಡ ಗಾಯಕಿಯರಲ್ಲಿ ಒಬ್ಬರು. 1943ರ ‘ಕಿಸ್ಮತ್’ನಲ್ಲಿ ಅನಿಲ್ ಬಿಸ್ವಾಸ್ ಅವರಿಗೂ 1944ರ ‘ರತನ್’ನಲ್ಲಿ ನೌಷಾದ್ ಅವರಿಗೂ ಹಾಡಿದರು. ಸೋದರಿ ಗೋಹರ್‌ಬಾಯಿ ಬಾಲಗಂಧರ್ವರೊಂದಿಗೆ ರಂಗದ ಮೇಲೆ ಹೆಸರಾದವರು. ಅಮೀರ್‌ಬಾಯಿಯವರ ಬದುಕಿನ ಕುರಿತು ರಹಮತ್ ತರೀಕೆರೆಯವರು ಕನ್ನಡದಲ್ಲೇ ಪುಸ್ತಕ ಬರೆದಿದ್ದಾರೆ, ಅದನ್ನು ಓದಿ. ಇಲ್ಲಿ ನಾನು ಹೇಳಹೊರಟಿರುವುದು ಅವರ ದನಿ ತಟ್ಟೆಯಲ್ಲಿ ಹೇಗೆ ಉಳಿದಿದೆ, ಅದನ್ನು ಮರುಮುದ್ರಿಸುವಾಗ ಏನಾಗುತ್ತದೆ ಎಂಬುದನ್ನು.

ಮೊದಲು ತಟ್ಟೆಯನ್ನೇ ನೋಡೋಣ. ಹೊರ ಅಂಚಿನಿಂದ ನಡುವಿನವರೆಗೆ ಸುತ್ತುತ್ತ ಸಾಗುವ ಒಂದೇ ಒಂದು ಗೀರು ಅದರ ಮೇಲಿರುತ್ತದೆ. ಹಾಡುವಾಗ ಗಾಳಿಯಲ್ಲಿ ಎದ್ದ ಕಂಪನವೇ ಆ ಗೀರಿನ ಅಂಕುಡೊಂಕು. ಮುಳ್ಳು ಅದರೊಳಗೆ ಹಾಯುವಾಗ ಅದೇ ಕಂಪನ ಮತ್ತೆ ಹುಟ್ಟುತ್ತದೆ. ಅಮೀರ್‌ಬಾಯಿಯವರ ಕಾಲದ ತಟ್ಟೆಗಳು ಅರಗಿಗೆ ಕಲ್ಲಿನ ಪುಡಿ ಬೆರೆಸಿ ಮಾಡಿದವು, ಕೈತಪ್ಪಿದರೆ ಒಡೆಯುತ್ತವೆ. ನಿಮಿಷಕ್ಕೆ 78 ಸುತ್ತು ತಿರುಗುವುದರಿಂದ ಅವಕ್ಕೆ 78ರ ತಟ್ಟೆ ಎಂದೇ ಹೆಸರು. ಹತ್ತಿಂಚಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು.

ಈ ಮೂರು ನಿಮಿಷವನ್ನು ಕೊರತೆ ಎಂದು ಎಣಿಸಬೇಡಿ. ಹಾಡು ಬೆಳೆದು ಮುಗಿಯುವುದೆಲ್ಲ ಅಷ್ಟರಲ್ಲೇ ಆಗಬೇಕಾಗಿದ್ದರಿಂದ, ಮೊದಲ ಸಾಲಿನಲ್ಲೇ ಕೇಳುಗರನ್ನು ಹಿಡಿಯುವ ಕಲೆ ಆ ಗಾಯಕಿಯರಿಗೆ ಒಲಿದಿತ್ತು. ಅಮೀರ್‌ಬಾಯಿ ಸಾಲಿನ ಕೊನೆಯ ಸ್ವರವನ್ನು ಎಲ್ಲಿ ಬಿಡುತ್ತಾರೆ ಎಂಬುದನ್ನು ಗಮನಿಸಿ ಕೇಳಿ. ನನಗಂತೂ ಅವರ ನಿಜವಾದ ಹಿರಿಮೆ ಅಲ್ಲೇ ಕಾಣುತ್ತದೆ.

1948ರಲ್ಲಿ ಅಮೆರಿಕದಲ್ಲಿ ಎಲ್‌ಪಿ ಬಂತು. ಎಲ್‌ಪಿ ಎಂದರೆ ವಿನೈಲ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ, ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆ. ಗೀರು ಸಣ್ಣದು, ಸುತ್ತುವುದೂ ನಿಧಾನ. ಆದ್ದರಿಂದ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮೀರಿದ ಸಂಗೀತ ಹಿಡಿಯುತ್ತದೆ. 78ರ ಹಲವು ಹಾಡುಗಳನ್ನು ಸೇರಿಸಿ ಒಂದು ಎಲ್‌ಪಿ ಮಾಡುವುದು ಮರುಮುದ್ರಣದ ಒಂದು ಬಗೆ.

ಹಾಗೆ ಮಾಡುವವರು ಇದ್ದುದರಲ್ಲಿ ಚೆನ್ನಾದ ಪ್ರತಿಯನ್ನು ಹುಡುಕಿ ತೊಳೆಯಬೇಕು, ಅಗಲವಾದ ಹಳೆಯ ಗೀರಿಗೆ ಒಪ್ಪುವ ದಪ್ಪ ಮೊನೆಯ ಮುಳ್ಳನ್ನು ಇಡಬೇಕು. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ವೇಗ. 78 ಎಂದು ಬರೆದಿದ್ದರೂ ಎಲ್ಲ ತಟ್ಟೆಗಳ ಮೂಲವೇಗ ಸರಿಯಾಗಿ ಅಷ್ಟೇ ಇರಲಿಲ್ಲ. ನಾಲ್ಕೂವರೆ ಸುತ್ತು ಹೆಚ್ಚಾದರೆ ಸಾಕು, ಶ್ರುತಿ ಹೆಚ್ಚುಕಡಿಮೆ ಒಂದು ಮನೆ ಏರುತ್ತದೆ: ಹಾರ್ಮೋನಿಯಂನಲ್ಲಿ ಬಿಳಿ ಒಂದರಲ್ಲಿ ಹಾಡಿದ್ದು ಕಪ್ಪು ಒಂದಕ್ಕೆ ಹೋಗುತ್ತದೆ. ದನಿ ತೆಳುವಾಗುತ್ತದೆ, ತುಂಬುಗಂಠದ ಗಾಯಕಿ ಎಳೆಯ ಹುಡುಗಿಯಂತೆ ಕೇಳಿಸುತ್ತಾರೆ.

ಇಂಥ ತಪ್ಪು ದೊಡ್ಡ ಕಡೆಗಳಲ್ಲೂ ಆಗಿದೆ. 1959ರಲ್ಲಿ ಬಂದ ಮೈಲ್ಸ್ ಡೇವಿಸ್ ಅವರ ಜಾಝ್ ಎಲ್‌ಪಿ ‘ಕೈಂಡ್ ಆಫ್ ಬ್ಲೂ’ ಇದಕ್ಕೊಂದು ಉದಾಹರಣೆ. ಮುದ್ರಿಸುವ ದಿನ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ ಅದರ ಮೊದಲ ಬದಿಯ ಮೂರೂ ರಚನೆಗಳು ಏರಿದ ಶ್ರುತಿಯಲ್ಲೇ ಲೋಕವನ್ನೆಲ್ಲ ಸುತ್ತಿದವು. ಸರಿಯಾದ ಶ್ರುತಿಯ ಮರುಮುದ್ರಣ ಬಂದದ್ದು 1990ರ ದಶಕದಲ್ಲಿ.

ಇನ್ನು ಗರಗರ ಸದ್ದು. ಅದನ್ನು ಪೂರ್ತಿ ಅಳಿಸಿದ ಪ್ರತಿಯೇ ಉತ್ತಮವೆಂದು ಹೊಸಬರಿಗೆ ತೋರುತ್ತದೆ. ಅತಿಯಾಗಿ ಅಳಿಸಿದರೆ ಉಸಿರು, ಸಕಾರ ಶಕಾರಗಳು, ಸಾರಂಗಿಯ ಹೊಳಪು ಅದರೊಂದಿಗೇ ಹೋಗುತ್ತವೆ. ಸ್ವಲ್ಪ ಸದ್ದನ್ನು ಸಹಿಸಿಕೊಂಡರೆ ದನಿ ಉಳಿಯುತ್ತದೆ.

ಕೊಳ್ಳುವ ಮುನ್ನ ಹೊದಿಕೆಯ ಹಿಂಬದಿಯನ್ನು ಓದಿ. ಪ್ರತಿ ಹಾಡಿಗೂ ಗಾಯಕಿಯ ಹೆಸರು, ಸಂಗೀತ ನಿರ್ದೇಶಕರು, ವರ್ಷ ಇರಬೇಕು. ಆ ಕಾಲದಲ್ಲಿ ತಟ್ಟೆಯ ಮೇಲೆ ಗಾಯಕಿಯ ಬದಲು ಪಾತ್ರದ ಹೆಸರನ್ನೇ ಅಚ್ಚುಹಾಕುವುದಿತ್ತು. 1949ರ ‘ಮಹಲ್’ ತಟ್ಟೆಯಲ್ಲಿ ಲತಾ ಮಂಗೇಶ್ಕರ್ ಬದಲು ‘ಕಾಮಿನಿ’ ಎಂದಿತ್ತು. ಮೂಲ 78ರ ತಟ್ಟೆಯೇ ನಿಮ್ಮ ಕೈಗೆ ಸಿಕ್ಕರೆ, ಎಲ್‌ಪಿಯ ಸಣ್ಣ ಮುಳ್ಳನ್ನು ಅದರ ಮೇಲೆ ಇಡಬೇಡಿ. ಮುಳ್ಳೂ ಕೆಡುತ್ತದೆ, ಹಾಡೂ ಸರಿಯಾಗಿ ಕೇಳುವುದಿಲ್ಲ.