ಹುಳುಮನೆ ಕೆಲಸದ ನಡುವೆ ಮಗಳ ‘ಬೇಡ’

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯವಳು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಮಗಳಿಗೆ ಒಂದೂಮುಕ್ಕಾಲು ವರ್ಷ. ಏನು ಕೊಟ್ಟರೂ ‘ಬೇಡ’ ಅನ್ನುತ್ತಾಳೆ, ಬಾಯಿಗಿಟ್ಟ ಮುದ್ದೆ ಉಗಿಯುತ್ತಾಳೆ, ನೆಲಕ್ಕೆ ಬಿದ್ದು ಹೊರಳಾಡಿ ಅಳುತ್ತಾಳೆ. ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲಂತೂ ಸೊಪ್ಪು ತರುವುದು, ಹಾಕುವುದರಲ್ಲೇ ಹಗಲು ರಾತ್ರಿ ಕಳೆಯುತ್ತವೆ. ಆಗ ಮೊಬೈಲ್ ಕೊಟ್ಟು ಕೂರಿಸುತ್ತೇನೆ. ಮೊನ್ನೆ ಸಿಟ್ಟಲ್ಲಿ ಹೊಡೆದೂಬಿಟ್ಟೆ. ಅತ್ತೆ, ‘ನಾವು ನಾಲ್ಕು ಮಕ್ಕಳನ್ನ ಸಾಕಲಿಲ್ವಾ?’ ಅನ್ನುತ್ತಾರೆ. ನಿನ್ನೆ ಅವಳು ಬಾಗಿಲಲ್ಲಿ ನಿಂತು ಹುಳುಗಳಿಗೇ ‘ಸೊಪ್ಪು ಬೇಡ’ ಅಂದಳು. ನಗು ಬಂತು, ಅಷ್ಟರಲ್ಲಿ ಮತ್ತೆ ಕೆಲಸ. ಮಗುವಿನಿಂದ ಎಲ್ಲರಿಗೂ ಖುಷಿ, ನನಗೆ ಮಾತ್ರ ಸುಸ್ತು. ನಾನು ಕೆಟ್ಟ ತಾಯಿಯಾ?

ಉತ್ತರ: ಅಲ್ಲಮ್ಮ. ಸೊಪ್ಪಿನ ಹೊರೆ, ಮನೆಗೆಲಸ, ಅರ್ಧ ನಿದ್ದೆ, ಅದರ ಮೇಲೆ ಅಳುವ ಮಗು. ಇಷ್ಟನ್ನು ಹೊತ್ತವರಿಗೆ ಸುಸ್ತಾಗದಿದ್ದರೆ ಅದೇ ಆಶ್ಚರ್ಯ. ಚಿಂತಾಮಣಿಯಲ್ಲಿ ಟೊಮೆಟೊ ಬಿಡಿಸುವವರು, ಗೌರಿಬಿದನೂರಿನಲ್ಲಿ ಫ್ಯಾಕ್ಟರಿಗೆ ಹೋಗುವವರು, ಚಿಕ್ಕಬಳ್ಳಾಪುರದಿಂದ ದಿನವೂ ಬೆಂಗಳೂರಿಗೆ ಓಡಾಡುವವರು, ಎಷ್ಟೋ ತಾಯಂದಿರು ಇದನ್ನೇ ಬಾಯಿಬಿಟ್ಟು ಹೇಳಲಾಗದೆ ನುಂಗಿಕೊಂಡಿದ್ದಾರೆ. ನೀವು ಹೇಳಿದಿರಿ, ಒಳ್ಳೆಯದಾಯಿತು.

ನಿಮ್ಮ ಪತ್ರದಲ್ಲಿ ದೂರುಗಳ ನಡುವೆ ಹುಳುಗಳಿಗೆ ‘ಬೇಡ’ ಅಂದ ಮಾತೂ ಇದೆ. ಅದನ್ನು ನೆನಪಿಟ್ಟು ಬರೆದವರು ನೀವೇ. ಅಂದಮೇಲೆ ಖುಷಿ ನಿಮ್ಮ ಮನೆಗೂ ಬರುತ್ತಿದೆ. ಒಂದು ಗಳಿಗೆ ಅದರ ಜೊತೆ ಕೂರಲು ನಿಮಗೆ ಬಿಡುವಿಲ್ಲ, ಅಷ್ಟೆ.

ಇನ್ನು ಊಟದ ವಿಷಯ. ಹುಟ್ಟಿದ ಮೊದಲ ವರ್ಷದಲ್ಲಿ ಮಗುವಿನ ತೂಕ ಸುಮಾರು ಮೂರು ಪಟ್ಟಾಗುತ್ತದೆ. ಎರಡನೇ ವರ್ಷ ಹೆಚ್ಚುವುದು ಎರಡು, ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಜ್ವರಕ್ಕೆ ಕೂತ ಹುಳುವಿಗೆ ನೀವು ಸೊಪ್ಪು ಹಾಕುವುದಿಲ್ಲ, ಎದ್ದಮೇಲೆ ತಿನ್ನುತ್ತದೆಂದು ಕಾಯುತ್ತೀರಿ. ಆ ತಾಳ್ಮೆ ನಿಮಗೆ ಹೊಸದಲ್ಲ, ಮಗಳ ಪಾಲಿಗೂ ಸ್ವಲ್ಪ ಇರಲಿ. ‘ಬೇಡ’ ಅನ್ನುವುದೂ ಹಟವಲ್ಲ; ತನಗೂ ಒಂದು ಇಷ್ಟವಿದೆ ಎಂದು ಈಗಷ್ಟೇ ಗೊತ್ತಾದ ಮಗುವಿನ ಮಾತು ಅದು.

ಇವಿಷ್ಟು ಮಾಡಿ ನೋಡಿ:

ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ನೀವು ನಿರ್ಧರಿಸಿ. ಎಷ್ಟು ತಿನ್ನಬೇಕೆಂಬುದನ್ನು ಅವಳಿಗೆ ಬಿಡಿ. ಬಾಯಿಗೆ ತುರುಕಬೇಡಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ತೂಕ ಏರದಿದ್ದರೆ ವೈದ್ಯರಿಗೆ ತೋರಿಸಿ.

ದಿನಕ್ಕೆ ಹತ್ತು ನಿಮಿಷ ಅವಳಿಗೇ ಕೊಡಿ. ಬೇರೆ ಹೊತ್ತು ಹುಡುಕುವುದೇನೂ ಬೇಡ. ಸ್ನಾನ ಮಾಡಿಸುವಾಗ ಮಾತಾಡಿ, ಅಂಗಳದಲ್ಲಿ ಕೈಗೊಂದು ಹಿಪ್ಪುನೇರಳೆ ಎಲೆ ಕೊಡಿ. ಅವರೆಕಾಯಿ ಕಾಲದಲ್ಲಿ ನೀವು ಕಾಳು ಹಿತುಕುವಾಗ ಪಕ್ಕದಲ್ಲಿ ಕೂರಿಸಿಕೊಂಡು ಸಿಪ್ಪೆ ಆರಿಸಲು ಬಿಡಿ. ಕಾಳು ಮಾತ್ರ ಮೂಗಿಗೆ, ಗಂಟಲಿಗೆ ಹೋಗದಂತೆ ಕಣ್ಣಿಟ್ಟಿರಿ. ಬ್ಲೀಚಿಂಗ್ ಪುಡಿ, ಔಷಧಿ ಇರುವ ಹುಳುಮನೆಯೊಳಗೆ ಅವಳು ಬರಬಾರದು.

ಎರಡು ವರ್ಷ ತುಂಬುವವರೆಗೆ ಮೊಬೈಲ್ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಮ್ಮೆಲೇ ಬಿಡಿಸಲು ಹೋಗಬೇಡಿ. ಮೊದಲು ಊಟದ ಹೊತ್ತಿನಲ್ಲಿ ನಿಲ್ಲಿಸಿ.

ಹೊಡೆಯುವುದನ್ನಂತೂ ಬಿಡಲೇಬೇಕು. ಹೊಡೆತದಿಂದ ಈ ವಯಸ್ಸಿನ ಮಗು ಕಲಿಯುವುದು ಭಯ ಒಂದನ್ನೇ. ಕೈ ಏಳುತ್ತಿದೆ ಅನ್ನಿಸಿದ ತಕ್ಷಣ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು, ಆಚೆ ಹೋಗಿ ನೀರು ಕುಡಿದು ಬನ್ನಿ. ಮೊನ್ನೆಯದಕ್ಕೆ ಕೊರಗುತ್ತ ಕೂರಬೇಡಿ. ಎತ್ತಿಕೊಂಡು ‘ಅಮ್ಮ ಹೊಡೆಯಬಾರದಿತ್ತು’ ಎಂದು ಹೇಳಿದರೆ ಸಾಕು.

ಹುಳು ಸಾಕಣೆಯಲ್ಲಿ ಬಹುಪಾಲು ಸೊಪ್ಪು ಖರ್ಚಾಗುವುದು ನಾಲ್ಕನೇ ಜ್ವರ ಎದ್ದ ಮೇಲಿನ ದಿನಗಳಲ್ಲೇ. ಅದು ಯಾವ ವಾರ ಬರುತ್ತದೆಂದು ಮೊಟ್ಟೆ ತಂದ ದಿನವೇ ಗೊತ್ತಿರುತ್ತದೆ. ಆ ವಾರ ಮಗುವನ್ನು ಯಾವ ಹೊತ್ತಿಗೆ ಯಾರು ನೋಡಿಕೊಳ್ಳಬೇಕೆಂದು ಗಂಡ, ಅತ್ತೆಯ ಜೊತೆ ಮೊದಲೇ ಕೂತು ಮಾತಾಡಿ. ‘ನಾಲ್ಕು ಮಕ್ಕಳನ್ನ ಹೇಗೆ ಸಾಕಿದ್ರಿ ಅತ್ತೆ, ಆಗ ಜೊತೆಗೆ ಯಾರಿದ್ರು?’ ಎಂದು ಕೇಳಿ. ಅವರಿಗೂ ಹೇಳಿಕೊಳ್ಳದ ಕಷ್ಟಗಳಿರಬಹುದು. ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ ಇದೆಯೇ ಎಂದೂ ವಿಚಾರಿಸಿ.

ಕೊನೆಯದಾಗಿ, ಹುಳು ಗೂಡು ಕಟ್ಟಿ, ಮಾರುಕಟ್ಟೆಗೆ ಹೋಗಿ, ಕೆಲಸ ತಗ್ಗಿದ ಮೇಲೂ ಎರಡು ವಾರ ಇದೇ ಬೇಸರ, ನಿದ್ದೆಗೇಡು, ಕಾರಣವಿಲ್ಲದ ಅಳು ಇದ್ದರೆ ಅದನ್ನು ಬರೀ ಸುಸ್ತೆಂದು ತಳ್ಳಿಹಾಕಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ. ಆ ಕ್ಷಣವೇ ಮನೆಯವರನ್ನು ಕರೆಯಿರಿ, ಫೋನ್ ಮಾಡಿ. ಈ ವಾರಕ್ಕೆ ಒಂದೇ ಕೆಲಸ ಸಾಕು: ಮುಂದಿನ ಬೆಳೆಗೆ ಮೊಟ್ಟೆ ತರುವ ಮುನ್ನ, ಮಗುವನ್ನು ಯಾವಾಗ ಯಾರು ನೋಡಿಕೊಳ್ಳಬೇಕೆಂಬ ಮಾತನ್ನು ಮನೆಯಲ್ಲಿ ಮುಗಿಸಿ.