ಹೈಡನ್: ಅಲೆಬಂಡೆಯ ಊರು ಕಲಿಸುವ ಪಾಠ

ಪಶ್ಚಿಮ ಆಸ್ಟ್ರೇಲಿಯದ ರಾಜಧಾನಿ ಪರ್ತ್‌ನಿಂದ ಪೂರ್ವಕ್ಕೆ ಸುಮಾರು 340 ಕಿ.ಮೀ. ದೂರದಲ್ಲಿ ಹೈಡನ್ ಎಂಬ ಪುಟ್ಟ ಊರಿದೆ. ಕೆಲವೇ ನೂರು ಜನರಿರುವ ಈ ಊರಿನ ಮೂಲ ಕಸುಬು ಗೋಧಿ ಬೇಸಾಯ ಮತ್ತು ಕುರಿ ಸಾಕಣೆ. ಆದರೆ ಅದು ಹೆಸರಾಗಿರುವುದು 'ವೇವ್ ರಾಕ್' ಎಂಬ ಅಲೆಬಂಡೆಯಿಂದ.

ಸುಮಾರು 15 ಮೀಟರ್ ಎತ್ತರ, 110 ಮೀಟರ್ ಉದ್ದದ ಈ ಗ್ರಾನೈಟ್ ಬಂಡೆ ಮೇಲೆದ್ದ ಕಡಲಲೆಯಂತೆ ಬಾಗಿ ನಿಂತಿದೆ. ಮಣ್ಣಿನಡಿಯ ತೇವವು ಬಂಡೆಯ ಬುಡವನ್ನು ಸವೆಸಿ, ಅನಂತರ ಮಣ್ಣು ಕೊಚ್ಚಿಹೋದುದರಿಂದ ಈ ಆಕಾರ ಮೂಡಿತು. 1928ರಲ್ಲಿ ಲೋಕೋಪಯೋಗಿ ಇಲಾಖೆಯು ಬಂಡೆಯ ಮೇಲ್ಭಾಗದಲ್ಲಿ ಗೋಡೆ ಕಟ್ಟಿ, ಮಳೆನೀರನ್ನು ಜಲಾಶಯಕ್ಕೆ ಹರಿಸಿತು. ಪ್ರವಾಸಿಗರನ್ನು ತರುವ ಮೊದಲೇ ಬಂಡೆ ಊರಿಗೆ ನೀರು ಕೊಟ್ಟಿತ್ತು.

ಬಂಡೆಯ ವೀಕ್ಷಣೆಗೆ ಒಂದು ಗಂಟೆ ಸಾಕು. ಪರ್ತ್‌ನಿಂದ ಬಂದವರು ಅಂದೇ ಮರಳಬಲ್ಲರು. ಅಂಥವರಿಂದ ಸ್ಥಳೀಯ ವರ್ತಕರಿಗೆ ದಕ್ಕುವುದು ಅಲ್ಪ. ಪ್ರವಾಸಿಗರು ಒಂದು ರಾತ್ರಿ ತಂಗಿದರೆ ಮಾತ್ರ ವಸತಿ, ಊಟ, ಇಂಧನಗಳ ವಹಿವಾಟು ಕುದುರುತ್ತದೆ. ಅವರನ್ನು ನಿಲ್ಲಿಸಬಲ್ಲವು ಸಮೀಪದ 'ಹಿಪ್ಪೋಸ್ ಯಾನ್' ಬಂಡೆಗವಿ, ಮೂಲನಿವಾಸಿಗಳ ಕೈಯಚ್ಚುಗಳಿರುವ ಮುಲ್ಕಾ ಗುಹೆ ಹಾಗೂ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳ ಕಾಡುಹೂಗಳು.

ಹೆಸರಾಂತ ತಾಣ ಪ್ರವಾಸಿಗರನ್ನು ಕರೆತರುತ್ತದೆ. ಸುತ್ತಣ ಸಣ್ಣ ತಾಣಗಳೇ ಅವರನ್ನು ಉಳಿಸಿಕೊಳ್ಳುತ್ತವೆ. ಗ್ರಾಮೀಣ ಪ್ರವಾಸೋದ್ಯಮದ ಲಾಭ ನಿಂತಿರುವುದು ಈ ಎರಡನೆಯದರ ಮೇಲೆ.