ವೀಗನ್ ಆಹಾರಕ್ರಮ ಮತ್ತು ಬಿ12 ಜೀವಸತ್ವ

ಮಾಂಸ, ಮೊಟ್ಟೆಗಳನ್ನಲ್ಲದೆ ಹಾಲು, ಮೊಸರು, ತುಪ್ಪಗಳನ್ನೂ ವರ್ಜಿಸುವ ಆಹಾರಕ್ರಮಕ್ಕೆ ವೀಗನ್ ಎಂಬ ಹೆಸರು, 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮೊದಲಾದವರು ಸ್ಥಾಪಿಸಿದ ವೀಗನ್ ಸೊಸೈಟಿಯಿಂದ ಪ್ರಚಾರಕ್ಕೆ ಬಂದಿತು. ಕೋಬಾಲ್ಟ್ ಧಾತುವನ್ನೊಳಗೊಂಡ ಬಿ12 ಜೀವಸತ್ವವನ್ನು ಸೂಕ್ಷ್ಮಜೀವಿಗಳು ಮಾತ್ರವೇ ಸೃಷ್ಟಿಸಬಲ್ಲವಾಗಿ, ಸಸ್ಯಜನ್ಯ ಆಹಾರದಲ್ಲಿ ಅದು ನೆಚ್ಚಬಹುದಾದ ಪ್ರಮಾಣದಲ್ಲಿ ದೊರೆಯದಿರುವುದರಿಂದ, ಈ ಕ್ರಮವನ್ನು ಕೈಕೊಂಡವರು ಮಾತ್ರೆಯನ್ನೋ ಬಿ12 ಬೆರೆಸಿದ ಆಹಾರವನ್ನೋ ಸೇವಿಸುವುದು ಅನಿವಾರ್ಯ. ಯಕೃತ್ತಿನಲ್ಲಿ ಸಂಚಿತವಾದ ಸತ್ವವು ಕೆಲವು ವರ್ಷಗಳವರೆಗೆ ಒದಗುವುದರಿಂದ ಕೊರತೆಯು ತಡವಾಗಿ ತೋರುತ್ತದೆ. ಹೇರಳವಾದ ಫೋಲೇಟ್ ಸೇವನೆಯು ಈ ಕೊರತೆಯಿಂದಾಗುವ ರಕ್ತಹೀನತೆಯನ್ನು ಮರೆಮಾಚಬಹುದಾದ್ದರಿಂದ, ನರಗಳ ಹಾನಿಯು ಅರಿವಿಲ್ಲದೆಯೇ ಮುಂದುವರಿಯುವುದುಂಟು. ಗರ್ಭಿಣಿಯರೂ ಹಾಲೂಡುವ ತಾಯಂದಿರೂ ಬಿ12 ಸೇವನೆಯನ್ನು ಕಿಂಚಿತ್ತೂ ಉಪೇಕ್ಷಿಸಲಾಗದು. ಈ ಸತ್ವದ ಅಣುರಚನೆಯನ್ನು ಕ್ಷ-ಕಿರಣಗಳಿಂದ ನಿರ್ಣಯಿಸಿದ ಡೊರೊಥಿ ಹಾಡ್ಕಿನ್ ಅವರಿಗೆ 1964ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.